ಪ್ರೀತಿ ಕೈತಪ್ಪಿದರೂ ಓದುಗರು ಒಪ್ಪುತ್ತಾರೆ, ಕೆಲಸ ಸುಳ್ಳಾದರೆ ಒಪ್ಪುವುದಿಲ್ಲ

ಪ್ರಶ್ನೆ: ನಾನು ಹುಬ್ಬಳ್ಳಿಯವಳು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಸಪೋರ್ಟ್ ಟೀಮಿನಲ್ಲಿದ್ದೇನೆ. ಕಾಲೇಜಿನ ದಿನಗಳಿಂದ ಇಂಗ್ಲಿಷಿನ ಚಿಕ್ ಲಿಟ್ ಕಾದಂಬರಿಗಳನ್ನು, ಅಂದರೆ ದುಡಿಯುವ ಹುಡುಗಿಯರ ಕೆಲಸ, ಪ್ರೀತಿ, ಗೆಳೆತನದ ಕಥೆಯನ್ನು ನಗುನಗುತ್ತಾ ಹೇಳುವ ಪುಸ್ತಕಗಳನ್ನು, ಓದುತ್ತಾ ಬಂದಿದ್ದೇನೆ. ಈಗ ಅದೇ ಬಗೆಯ ಕಾದಂಬರಿಯೊಂದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ನನ್ನ ನಾಯಕಿಯ ಊರು, ಕೆಲಸ ಎರಡೂ ನನ್ನವೇ. ನಾಯಕ ಮೈಸೂರಿನಲ್ಲಿ ಅಪ್ಪನ ಪ್ರಿಂಟಿಂಗ್ ಪ್ರೆಸ್ ನೋಡಿಕೊಳ್ಳುತ್ತಾನೆ. ಕೊನೆಯಲ್ಲಿ ಅವಳಿಗೆ ಪುಣೆಯಲ್ಲಿ ಟೀಮ್ ಲೀಡ್ ಆಗುವ ಅವಕಾಶ ಬರುತ್ತದೆ. ಮದುವೆಯ ಮಾತು ಅಲ್ಲಿಗೇ ನಿಲ್ಲುತ್ತದೆ. ಅವಳು ರೈಲು ಹತ್ತುವಲ್ಲಿಗೆ ಕಥೆ ಮುಗಿಯುತ್ತದೆ. ಓದಿದ ಒಬ್ಬ ಗೆಳತಿ ‘ಇದು ಮೋಸ’ ಅಂದಳು. ಇನ್ನೊಬ್ಬಳು ‘ಆಫೀಸಿನ ಭಾಗವನ್ನೆಲ್ಲ ಹಾರಿಸಿಕೊಂಡು ಓದಿದೆ’ ಅಂದಳು. ಚಿಕ್ ಲಿಟ್ ಓದುವವರಿಗೆ ನಿಜಕ್ಕೂ ಬೇಕಾಗಿರುವುದು ಲವ್ ಸ್ಟೋರಿಯೋ, ಕೆರಿಯರ್ರೋ? ಎರಡೂ ಬೇಕು ಅಂದರೆ ಯಾವುದು ಎಷ್ಟಿರಬೇಕು?

ಉತ್ತರ: ನಿಮ್ಮ ಗೆಳತಿಯರ ದೂರುಗಳು ಮೇಲ್ನೋಟಕ್ಕೆ ಬೇರೆ ಬೇರೆ. ನನಗೆ ಅವೆರಡೂ ಒಂದೇ ಅನ್ನಿಸಿತು. ಎರಡನೆಯವಳು ಆಫೀಸಿನ ಪುಟಗಳನ್ನು ಯಾಕೆ ಹಾರಿಸಿದಳು? ಅಲ್ಲಿ ನಡೆಯುವುದಕ್ಕೂ ಪ್ರೀತಿಗೂ ಸಂಬಂಧವೇ ಇಲ್ಲ ಅಂತ ಅವಳಿಗೆ ಬೇಗ ಗೊತ್ತಾಗಿಹೋಗಿದೆ. ಮೊದಲನೆಯವಳು ಯಾಕೆ ಮೋಸ ಅಂದಳು? ಪುಸ್ತಕದ ಉದ್ದಕ್ಕೂ ಮೈಸೂರಿನ ಹುಡುಗನ ಕಥೆ ಓದಿದ್ದಾಳೆ, ಕೊನೆಯ ತೀರ್ಮಾನ ಮಾತ್ರ ಆಫೀಸಿನಿಂದ ಬಂದು ಬಿದ್ದಿದೆ. ಅಂದರೆ ನಿಮ್ಮ ಪುಸ್ತಕದೊಳಗೆ ಎರಡು ಕಥೆಗಳಿವೆ, ಅವು ಒಂದನ್ನೊಂದು ಮುಟ್ಟುತ್ತಲೇ ಇಲ್ಲ. ಇಷ್ಟು ಲವ್, ಇಷ್ಟು ಕೆರಿಯರ್ ಎಂದು ಅಳೆದು ಹಾಕಿದರೆ ಇದು ಸರಿಹೋಗುವುದಿಲ್ಲ.

ಓದುಗರ ಕಡೆಯಿಂದ ಶುರು ಮಾಡೋಣ. ಪುಸ್ತಕ ಕೈಗೆತ್ತಿಕೊಂಡಾಗಲೇ ಓದುಗರಿಗೂ ಲೇಖಕರಿಗೂ ನಡುವೆ ಒಂದು ಒಪ್ಪಂದ ಆಗಿರುತ್ತದೆ. ರೊಮಾನ್ಸ್ ಕಾದಂಬರಿಯಲ್ಲಿ ಆ ಒಪ್ಪಂದ ತುಂಬ ಸ್ಪಷ್ಟ. ರೊಮಾನ್ಸ್ ರೈಟರ್ಸ್ ಆಫ್ ಅಮೆರಿಕ ಎಂಬ ಲೇಖಕರ ಸಂಘ ಹೇಳುವುದು ಎರಡೇ ಷರತ್ತು. ಕಥೆಯ ನಟ್ಟನಡುವೆ ಪ್ರೀತಿ ಇರಬೇಕು. ಕೊನೆ ಮನಸ್ಸಿಗೆ ತೃಪ್ತಿ ಕೊಡಬೇಕು, ಭರವಸೆ ಉಳಿಸಬೇಕು. ಮಿಲ್ಸ್ ಅಂಡ್ ಬೂನ್ ಪ್ರಕಾಶನದ ರೊಮಾನ್ಸ್ ಓದುವವರಿಗೆ ಇಬ್ಬರೂ ಸೇರುತ್ತಾರೆ ಅಂತ ಮೊದಲ ಪುಟದಲ್ಲೇ ಗೊತ್ತು. ಹೇಗೆ ಸೇರುತ್ತಾರೆ ಅನ್ನುವುದಕ್ಕೆ ಓದುತ್ತಾರೆ. ಅಲ್ಲಿ ಕೊನೆಗೆ ನಾಯಕಿಯನ್ನು ಪುಣೆಯ ರೈಲು ಹತ್ತಿಸಿದರೆ ಓದುಗರು ಸಿಟ್ಟಾಗುವುದು ನ್ಯಾಯವೇ.

ಚಿಕ್ ಲಿಟ್‌ನಲ್ಲಿ ಓದುಗರು ಒಂದು ಜೋಡಿಯ ಜೊತೆಗಲ್ಲ, ಒಬ್ಬ ಹೆಣ್ಣುಮಗಳ ಜೊತೆಗೆ ನಡೆಯುತ್ತಾರೆ. ಅವಳ ಬಾಡಿಗೆ ಮನೆ, ಸಾಲ, ತೂಕ, ಬಾಸು, ಗೆಳತಿಯರು, ಅಮ್ಮನ ಫೋನು, ಇವುಗಳ ನಡುವೆ ಒಬ್ಬನೋ ಇಬ್ಬರೋ ಗಂಡಸರು. ‘ಇಬ್ಬರೂ ಸೇರಿದರಾ?’ ಎಂಬ ಪ್ರಶ್ನೆ ಇಲ್ಲೂ ಇದ್ದೇ ಇರುತ್ತದೆ. ಅದರ ಜೊತೆಗೆ ‘ಇನ್ನು ಇವಳು ತನ್ನ ಬದುಕನ್ನು ತಾನೇ ನಿಭಾಯಿಸುತ್ತಾಳಾ?’ ಎಂಬುದೂ ಇರುತ್ತದೆ. ಈ ಎರಡನೆಯದಕ್ಕೆ ನಂಬುವಂಥ ಉತ್ತರ ಸಿಕ್ಕರೆ ಮೊದಲನೆಯದನ್ನು ಅರ್ಧಕ್ಕೆ ಬಿಟ್ಟರೂ ಓದುಗರು ಒಪ್ಪುತ್ತಾರೆ. ಎರಡನೆಯದಕ್ಕೆ ಉತ್ತರವೇ ಇಲ್ಲದೆ ಬರೀ ಮದುವೆ ಮಾಡಿಸಿದರೆ ಪುಸ್ತಕ ಮುಚ್ಚುವಾಗ ಏನೋ ಕೊರತೆ ಅನ್ನಿಸುತ್ತದೆ.

ಈ ಬಗೆಯ ಬರವಣಿಗೆ ಹುಟ್ಟಿದ ಜಾಗ ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಕ್ಯಾಂಡೇಸ್ ಬುಶ್ನೆಲ್ 1994ರಲ್ಲಿ ‘ನ್ಯೂಯಾರ್ಕ್ ಅಬ್ಸರ್ವರ್’ ಪತ್ರಿಕೆಗೆ ‘ಸೆಕ್ಸ್ ಅಂಡ್ ದಿ ಸಿಟಿ’ ಅಂಕಣ ಬರೆಯಲು ಶುರು ಮಾಡಿದರು. ಮುಂದಿನ ವರ್ಷ ಲಂಡನ್ನಿನ ‘ದಿ ಇಂಡಿಪೆಂಡೆಂಟ್’ನಲ್ಲಿ ಹೆಲೆನ್ ಫೀಲ್ಡಿಂಗ್ ಅವರ ಬ್ರಿಜೆಟ್ ಜೋನ್ಸ್ ಅಂಕಣ ಶುರುವಾಯಿತು. ಆ ಅಂಕಣವೇ 1996ರಲ್ಲಿ ಕಾದಂಬರಿಯಾಯಿತು. ಎರಡೂ ಮೊದಲು ಬಂದದ್ದು ದಿನಪತ್ರಿಕೆ, ವಾರಪತ್ರಿಕೆಗಳಲ್ಲಿ. ಕೆಲಸಕ್ಕೆ ಹೋಗುವ, ಸಂಬಳದಲ್ಲಿ ಬಾಡಿಗೆ ಕಟ್ಟುವ ಹೆಂಗಸರು ಅವನ್ನು ಓದಿ ‘ಅರೆ, ಇದು ನನ್ನದೇ ಕಥೆ’ ಅಂದರು.

‘ಬ್ರಿಜೆಟ್ ಜೋನ್ಸಸ್ ಡೈರಿ’ ಅಂದ ತಕ್ಷಣ ಎಲ್ಲರಿಗೂ ನೆನಪಾಗುವುದು ಅವಳ ಮನಸ್ಸು ಗೆಲ್ಲುವ ವಕೀಲ ಮಾರ್ಕ್ ಡಾರ್ಸಿ. ಸಹಜ ಬಿಡಿ, ಜೇನ್ ಆಸ್ಟಿನ್ 1813ರಲ್ಲಿ ಪ್ರಕಟಿಸಿದ ‘ಪ್ರೈಡ್ ಅಂಡ್ ಪ್ರೆಜುಡಿಸ್’ನ ಎಳೆಯನ್ನೇ, ಅದರ ನಾಯಕ ಡಾರ್ಸಿಯ ಹೆಸರನ್ನೂ, ಫೀಲ್ಡಿಂಗ್ ಬಳಸಿಕೊಂಡರು. ಆದರೆ ಅವರು ಹೊಸದಾಗಿ ಸೇರಿಸಿದ್ದು ಏನು ನೋಡಿ. ಬ್ರಿಜೆಟ್ ಪ್ರಕಾಶನ ಸಂಸ್ಥೆಯಲ್ಲಿ ಕೆಲಸ ಮಾಡುತ್ತಾಳೆ. ಬಾಸನ್ನೇ ಪ್ರೀತಿಸುತ್ತಾಳೆ. ಅವನು ಮೋಸ ಮಾಡಿದ ಮೇಲೆ ಆ ಕೆಲಸ ಬಿಟ್ಟು ಟಿವಿಗೆ ಹೋಗುತ್ತಾಳೆ. ಆಸ್ಟಿನ್‌ರ ನಾಯಕಿ ಎಲಿಜಬೆತ್‌ಗೆ ರಾಜೀನಾಮೆ ಕೊಡಲು ಕೆಲಸವೇ ಇರಲಿಲ್ಲ. ಬೇಡವಾದ ಗಂಡಿಗೆ ‘ಇಲ್ಲ’ ಅನ್ನುವುದಷ್ಟೇ ಅವಳ ಕೈಯಲ್ಲಿತ್ತು. ಬ್ರಿಜೆಟ್ ಕೈಯಲ್ಲಿ ಎರಡು ‘ಇಲ್ಲ’ಗಳಿವೆ, ಬಾಸಿಗೊಂದು, ಆ ಗಂಡಸಿಗೊಂದು. ಎರಡನ್ನೂ ಒಬ್ಬನಿಗೇ ಹೇಳುತ್ತಾಳೆ. ಈ ಕಾದಂಬರಿಯಲ್ಲಿ ನನಗೆ ತುಂಬ ಇಷ್ಟವಾದದ್ದು ಅದು.

ಅದರಲ್ಲೇ ಇನ್ನೊಂದು ಜಾಗ ಇದೆ, ಅದರ ಬಗ್ಗೆ ನನಗೆ ತಕರಾರಿದೆ. ಟಿವಿಯವರು ಬ್ರಿಜೆಟ್‌ಳನ್ನು ಒಂದು ದೊಡ್ಡ ಕೇಸಿನ ಸುದ್ದಿ ತರಲು ಕೋರ್ಟಿಗೆ ಕಳಿಸುತ್ತಾರೆ. ಅವಳು ಏನೋ ತರಲು ಎದುರಿನ ಅಂಗಡಿಗೆ ಹೋದಾಗಲೇ ಎಲ್ಲ ಮುಗಿದುಹೋಗುತ್ತದೆ. ಕೆಲಸ ಹೋಯಿತು ಅಂದುಕೊಳ್ಳುವಷ್ಟರಲ್ಲಿ ಆ ಕೇಸಿನ ವಕೀಲ ಮಾರ್ಕ್ ಡಾರ್ಸಿಯೇ ಸಿಗುತ್ತಾನೆ, ಬೇರೆ ಯಾರಿಗೂ ಸಿಗದ ಸಂದರ್ಶನವನ್ನು ಅವಳಿಗೆ ಕೊಡಿಸುತ್ತಾನೆ. 1996ರ ಓದುಗರು ನಕ್ಕು ಮುಂದೆ ಹೋದರು. ಇವತ್ತು ನೀವು ಹಾಗೆ ಬರೆದರೆ ಓದುಗರು ಅಲ್ಲೇ ನಿಲ್ಲುತ್ತಾರೆ. ಪ್ರೀತಿಸಿದವನು ಕೆಲಸದಲ್ಲಿ ಸಹಾಯ ಮಾಡಬಾರದು ಅಂತಲ್ಲ. ಅವನು ಅವಳ ಬದಲಿಗೆ ಕೆಲಸ ಮಾಡಿಕೊಟ್ಟರೆ, ಅವಳು ಗೆದ್ದಳು ಅಂತ ನಂಬುವುದು ಹೇಗೆ?

ಈಗ ಆಫೀಸಿನ ಪುಟಗಳಿಗೆ ಬರೋಣ. ಹಸ್ತಪ್ರತಿ ತಿದ್ದುವ ಕೆಲಸದಲ್ಲಿ ನಾನು ಮತ್ತೆ ಮತ್ತೆ ಕಾಣುವ ತೊಂದರೆ ಇದೇ. ನಾಯಕಿ ಸದಾ ‘ಮೀಟಿಂಗಿನಲ್ಲಿ’ ಇರುತ್ತಾಳೆ, ಸದಾ ‘ಪ್ರೆಸೆಂಟೇಶನ್’ ಮಾಡುತ್ತಿರುತ್ತಾಳೆ. ಯಾವುದರ ಮೀಟಿಂಗ್? ಆ ಪ್ರೆಸೆಂಟೇಶನ್ ಕೆಟ್ಟರೆ ಯಾರಿಗೆ ಏನಾಗುತ್ತದೆ? ಹೇಳುವುದೇ ಇಲ್ಲ. ಓದುವವರೂ ಬೆಳಗ್ಗೆ ಎದ್ದು ಕೆಲಸಕ್ಕೆ ಹೋಗುವವರು. ಸುಮ್ನೆ ಹಿನ್ನೆಲೆಗೆ ಅಂತ ಇಟ್ಟ ಆಫೀಸನ್ನು ಅವರು ಒಂದೇ ಪುಟದಲ್ಲಿ ಗುರುತಿಸುತ್ತಾರೆ.

ಸೋಫಿ ಕಿನ್ಸೆಲ್ಲಾ ಅವರ ‘ದಿ ಅನ್‌ಡೊಮೆಸ್ಟಿಕ್ ಗಾಡೆಸ್’ 2005ರದ್ದು. ನಾಯಕಿ ಸಮಾಂತಾ ಲಂಡನ್ನಿನ ದೊಡ್ಡ ಕಾನೂನು ಸಂಸ್ಥೆಯ ವಕೀಲೆ. ಅಲ್ಲಿ ಕಕ್ಷಿದಾರರಿಗೆ ಬಿಲ್ ಹಾಕುವುದು ಆರು ನಿಮಿಷದ ಲೆಕ್ಕದಲ್ಲಿ. ಪ್ರತಿ ಆರು ನಿಮಿಷವನ್ನು ಯಾರ ಕೆಲಸಕ್ಕೆ ಬಳಸಿದೆ ಅಂತ ಬರೆದಿಡಬೇಕು. ವರ್ಷಗಟ್ಟಲೆ ಹಾಗೆ ಬದುಕಿ ಅವಳಿಗೆ ಊಟ, ಅಮ್ಮನ ಜೊತೆ ಮಾತು ಎಲ್ಲವೂ ಆರಾರು ನಿಮಿಷದ ತುಂಡುಗಳಾಗಿ ಕಾಣುತ್ತವೆ. ಲೇಖಕಿ ಎಲ್ಲೂ ‘ಅವಳ ಮೇಲೆ ಕೆಲಸದ ಒತ್ತಡ ಜಾಸ್ತಿ ಇತ್ತು’ ಅಂತ ಬರೆದು ಕೈತೊಳೆದುಕೊಳ್ಳುವುದಿಲ್ಲ, ಆರು ನಿಮಿಷ ತೋರಿಸುತ್ತಾರೆ. ಮುಂದೆ 5 ಕೋಟಿ ಪೌಂಡಿನ ಒಂದು ಅನಾಹುತ ಅವಳ ತಲೆಗೆ ಬರುತ್ತದೆ. ದಿಕ್ಕು ತಪ್ಪಿ ಹಳ್ಳಿಯೊಂದರ ಮನೆ ಸೇರಿ, ಅಲ್ಲಿ ಮನೆಗೆಲಸದವಳಾಗುತ್ತಾಳೆ. ಅಲ್ಲಿನ ತೋಟಗಾರನ ಜೊತೆ ಪ್ರೀತಿ ಹುಟ್ಟುತ್ತದೆ. ಕೊನೆಗೆ ತಪ್ಪು ಅವಳದ್ದಲ್ಲ ಅಂತ ಗೊತ್ತಾಗಿ, ಸಂಸ್ಥೆಯವರು ಪಾಲುದಾರಳಾಗು ಬಾ ಅಂದಾಗ ಅವಳು ಒಪ್ಪುವುದಿಲ್ಲ. ಪ್ರೀತಿಗಾಗಿ ಕೆರಿಯರ್ ಬಿಟ್ಟಳಲ್ಲ ಅಂತ ಬೇಸರ ಪಟ್ಟುಕೊಳ್ಳಬಹುದು. ನನಗಂತೂ ಅದು ಒಪ್ಪಿತವಾಯಿತು, ಯಾಕಂದರೆ ಅವಳು ಬಿಟ್ಟದ್ದು ಏನು ಅಂತ ನಾನು ಕಣ್ಣಾರೆ ನೋಡಿದ್ದೆ. ತೋಟಗಾರನ ಜೊತೆ ಒಂದು ಮಧ್ಯಾಹ್ನ ಲೆಕ್ಕವಿಲ್ಲದೆ ಕಳೆಯುವುದು ಅವಳಿಗೆ ಎಷ್ಟು ದೊಡ್ಡದು ಅಂತಲೂ ಆ ಆರು ನಿಮಿಷದಿಂದಲೇ ತಿಳಿಯುತ್ತದೆ.

ಆಲಿಸನ್ ಪಿಯರ್ಸನ್ 2002ರಲ್ಲಿ ಬರೆದ ‘ಐ ಡೋಂಟ್ ನೋ ಹೌ ಶಿ ಡಸ್ ಇಟ್’ ಶುರುವಾಗುವುದು ರಾತ್ರಿಯ ಅಡುಗೆಮನೆಯಲ್ಲಿ. ಹಣಕಾಸು ಸಂಸ್ಥೆಯಲ್ಲಿ ದೊಡ್ಡ ಹುದ್ದೆಯಲ್ಲಿರುವ ಕೇಟ್ ರೆಡ್ಡಿ ಮಗಳ ಶಾಲೆಗೆ ಕೊಡಬೇಕಾದ ತಿನಿಸುಗಳನ್ನು ಅಂಗಡಿಯಿಂದ ತಂದಿದ್ದಾಳೆ. ಮನೆಯಲ್ಲೇ ಮಾಡಿದ್ದು ಅನ್ನಿಸಲಿ ಅಂತ ಅವನ್ನು ಕೈಯಾರೆ ಚೂರು ಚೂರು ಕೆಡಿಸುತ್ತಿದ್ದಾಳೆ. ಕೆಲಸ, ಮನೆ, ಬೇರೆ ತಾಯಂದಿರ ಎದುರು ಮರ್ಯಾದೆ, ಗಂಡನ ನಿದ್ದೆ, ಎಲ್ಲ ಆ ಒಂದು ತಟ್ಟೆಯಲ್ಲಿ ಬಂದುಬಿಟ್ಟಿತು. ಇನ್ನು ಹತ್ತು ಪುಟ ವಿವರಣೆ ಬೇಕಾ?

ದುಡ್ಡಿನ ವಿಷಯವೂ ಅಷ್ಟೇ. ಕಿನ್ಸೆಲ್ಲಾ ಅವರದ್ದೇ ಶಾಪಹಾಲಿಕ್ ಸರಣಿಯ ಮೊದಲ ಪುಸ್ತಕ 2000ದಲ್ಲಿ ಬಂತು. ಬೆಕಿ ಬ್ಲೂಮ್‌ವುಡ್ ಕೆಲಸ ಮಾಡುವುದು ಉಳಿತಾಯದ ಬಗ್ಗೆ ಸಲಹೆ ಕೊಡುವ ಪತ್ರಿಕೆಯಲ್ಲಿ. ಅವಳ ಸ್ವಂತ ಕಾರ್ಡುಗಳೆಲ್ಲ ಸಾಲದಲ್ಲಿ ಮುಳುಗಿವೆ. ಬ್ಯಾಂಕಿನವರ ಪತ್ರಗಳು ಅಧ್ಯಾಯಗಳ ನಡುವೆ ಇದ್ದ ಹಾಗೇ ಅಚ್ಚಾಗಿವೆ. ಅವಳು ಉತ್ತರವಾಗಿ ಕೊಡುವ ನೆಪಗಳನ್ನು ಓದುವಾಗ ನಗು ಬರುತ್ತದೆ, ಹೊಟ್ಟೆಯೊಳಗೆ ಸಂಕಟವೂ ಆಗುತ್ತದೆ. ನಿಮ್ಮ ನಾಯಕಿಗೆ ಸಂಬಳ ಎಷ್ಟು? ಪಿಜಿಗೆ ಎಷ್ಟು ಕೊಡುತ್ತಾಳೆ? ಊರಿಗೆ ಎಷ್ಟು ಕಳಿಸುತ್ತಾಳೆ? ತಮ್ಮನ ಫೀಸು ಇವಳ ತಲೆ ಮೇಲಿದೆಯಾ? ಬೇರೆ ಮನೆ ಹಿಡಿಯಬೇಕು ಅಂದರೆ ಓನರ್ ಕೇಳುವ ಅಡ್ವಾನ್ಸ್ ಎಲ್ಲಿಂದ ತರುತ್ತಾಳೆ? ಇವನ್ನು ಬರೆದರೆ ಮಾತ್ರ ಪುಣೆಯ ಪ್ರಮೋಶನ್ ಅಂದರೆ ಅವಳಿಗೆ ಏನು ಅಂತ ಓದುಗರಿಗೆ ಮುಟ್ಟುತ್ತದೆ. ಈಗ ನಿಮ್ಮ ಪತ್ರದಲ್ಲಿ ಅದು ಬರೀ ‘ಒಂದು ಅವಕಾಶ’.

2001ರಲ್ಲಿ ಬೆರಿಲ್ ಬೇನ್‌ಬ್ರಿಜ್, ಡೋರಿಸ್ ಲೆಸ್ಸಿಂಗ್ ಅವರಂಥ ದೊಡ್ಡ ಲೇಖಕಿಯರೇ ಈ ಪುಸ್ತಕಗಳನ್ನು ಹಗುರ ಸರಕು ಅಂತ ಟೀಕಿಸಿದರು. ಅವರ ಬಗ್ಗೆ ನನಗೆ ಗೌರವವಿದೆ. ಆದರೂ ಬೆಕಿಯ ಬ್ಯಾಂಕ್ ಪತ್ರಗಳನ್ನೋ ಕೇಟ್ ರೆಡ್ಡಿಯ ತಟ್ಟೆಯನ್ನೋ ಹಗುರ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಈಗ ನಿಮ್ಮ ಪ್ರಶ್ನೆಯ ತಿರುಳಿಗೆ ಬರುತ್ತೇನೆ. ಚೆನ್ನಾಗಿ ಕೂತ ಚಿಕ್ ಲಿಟ್ ಕಾದಂಬರಿಗಳಲ್ಲಿ ಪ್ರೀತಿಯ ತೊಡಕೂ ಕೆಲಸದ ತೊಡಕೂ ಒಂದೇ ಗಂಟು. ಬೆಕಿ ಬ್ಯಾಂಕಿಗೆ ಸುಳ್ಳು ಹೇಳುತ್ತಾಳೆ, ಅಪ್ಪ ಅಮ್ಮನಿಗೆ ಹೇಳುತ್ತಾಳೆ, ತಾನು ಪ್ರೀತಿಸುವ ಲ್ಯೂಕ್ ಬ್ರಾಂಡನ್‌ಗೂ ಹೇಳುತ್ತಾಳೆ. ಸಾಲ ಬೆಳೆಯುವುದಕ್ಕೂ ಸಂಬಂಧ ಕೆಡುವುದಕ್ಕೂ ಕಾರಣ ಅದೊಂದೇ ಗುಣ. ಹಾಗಾಗಿ ಅವಳು ಒಂದು ಕಡೆ ನಿಜ ಹೇಳಲು ಕಲಿತರೆ ಇನ್ನೊಂದು ಕಡೆಯೂ ತಾನೇ ಬಿಡಿಸಿಕೊಳ್ಳುತ್ತದೆ.

ನಮ್ಮ ದೇಶದ್ದೇ ಉದಾಹರಣೆ ಬೇಕೆಂದರೆ ಅನುಜಾ ಚೌಹಾಣ್ ಅವರ ‘ದಿ ಜೋಯಾ ಫ್ಯಾಕ್ಟರ್’ ನೋಡಿ, 2008ರದ್ದು. ಅನುಜಾ ಹಲವು ವರ್ಷ ಜಾಹೀರಾತು ಕಂಪನಿಯಲ್ಲಿ ದುಡಿದವರು, ಜೋಯಾಳ ಆಫೀಸಿನಲ್ಲಿ ಅದು ಕಾಣುತ್ತದೆ. ಭಾರತ 1983ರ ವಿಶ್ವಕಪ್ ಗೆದ್ದ ಕ್ಷಣದಲ್ಲೇ ಹುಟ್ಟಿದ ಹುಡುಗಿ ಜೋಯಾ. ಜಾಹೀರಾತಿನ ಕೆಲಸಕ್ಕೆಂದು ಕ್ರಿಕೆಟ್ ತಂಡದ ಬಳಿ ಹೋಗುತ್ತಾಳೆ. ಅವಳ ಜೊತೆ ಕೂತು ಬೆಳಗಿನ ತಿಂಡಿ ತಿಂದರೆ ತಂಡ ಗೆಲ್ಲುತ್ತದೆ ಅನ್ನುವ ನಂಬಿಕೆ ಹಬ್ಬುತ್ತದೆ. ಅವಳು ಇಡೀ ದೇಶಕ್ಕೆ ಅದೃಷ್ಟದ ಹುಡುಗಿಯಾಗುತ್ತಾಳೆ. ಅವಳು ಮನಸ್ಸು ಕೊಟ್ಟಿರುವುದು ತಂಡದ ನಾಯಕ ನಿಖಿಲ್ ಖೋಡಾಗೆ. ಅವನಿಗೆ ಅದೃಷ್ಟದಲ್ಲಿ ನಂಬಿಕೆಯೇ ಇಲ್ಲ. ಹುಡುಗರು ಬೆವರು ಸುರಿಸಿ ಗೆದ್ದದ್ದನ್ನು ಒಬ್ಬಳ ತಿಂಡಿಯ ತಟ್ಟೆಗೆ ಕಟ್ಟಬೇಡಿ ಅನ್ನುತ್ತಾನೆ. ಅವಳ ಹೊಸ ಕೆಲಸ ದೊಡ್ಡದಾದಷ್ಟೂ ಅವನ ಕೆಲಸದ ಬೆಲೆ ಇಳಿಯುತ್ತದೆ. ಇಬ್ಬರೂ ಒಳ್ಳೆಯವರು, ಇಬ್ಬರ ಮಾತಲ್ಲೂ ನ್ಯಾಯವಿದೆ. ಇಲ್ಲಿ ಕ್ರಿಕೆಟ್ಟಿನ ಪುಟ ಹಾರಿಸಿದರೆ ಪ್ರೀತಿಯ ಪುಟ ಅರ್ಥವಾಗುವುದಿಲ್ಲ. ನಿಮ್ಮ ಗೆಳತಿಯ ಕೈಯಲ್ಲಿ ಈ ಪುಸ್ತಕ ಕೊಟ್ಟರೆ ಆಫೀಸಿನ ಭಾಗವನ್ನು ಖಂಡಿತ ಹಾರಿಸುವುದಿಲ್ಲ.

ನಾಯಕನಿಂದ ಓದುಗರು ಬಯಸುವುದೂ ಬದಲಾಗಿದೆ. ಲಾರೆನ್ ವೈಸ್‌ಬರ್ಗರ್ ಅವರ ‘ದಿ ಡೆವಿಲ್ ವೇರ್ಸ್ ಪ್ರಾಡಾ’ 2003ರಲ್ಲಿ ಬಂತು, 2006ರಲ್ಲಿ ಸಿನಿಮಾ ಆಯಿತು. ಫ್ಯಾಶನ್ ಪತ್ರಿಕೆಯ ಸಂಪಾದಕಿಗೆ ಸಹಾಯಕಿಯಾಗಿ ಸೇರಿದ ಆಂಡ್ರಿಯಾಗೆ ಹಗಲಿಲ್ಲ, ರಾತ್ರಿಯಿಲ್ಲ. ಸಿನಿಮಾದಲ್ಲಿ ಅವಳ ಗೆಳೆಯ ತನ್ನ ಹುಟ್ಟುಹಬ್ಬಕ್ಕೆ ಬರಲಿಲ್ಲ ಅಂತ ಮುಖ ಊದಿಸಿಕೊಳ್ಳುತ್ತಾನೆ. ಬಿಡುಗಡೆಯಾದಾಗ ‘ಪಾಪ, ಹುಡುಗ ಹೇಳುವುದರಲ್ಲೂ ಅರ್ಥವಿದೆ’ ಅಂದುಕೊಂಡವರು ಬಹಳ. ವರ್ಷಗಳು ಕಳೆದ ಮೇಲೆ ಅದೇ ಸಿನಿಮಾ ನೋಡಿದವರು, ಇದರಲ್ಲಿ ನಿಜವಾದ ವಿಲನ್ ಬಾಸಲ್ಲ, ಈ ಹುಡುಗ ಅನ್ನತೊಡಗಿದರು. ಆ ಪಾತ್ರ ಮಾಡಿದ ಏಡ್ರಿಯನ್ ಗ್ರೇನಿಯರ್ ಅವರೇ 2021ರಲ್ಲಿ ಆ ಟೀಕೆಯಲ್ಲಿ ಹುರುಳಿದೆ ಅಂತ ಒಪ್ಪಿಕೊಂಡರು. ಸಿನಿಮಾ ಅದೇ, ನೋಡುವವರು ಬದಲಾಗಿದ್ದರು. ಅವಳ ದುಡಿಮೆಯನ್ನು ತನಗಾದ ಅವಮಾನ ಎಂದುಕೊಳ್ಳುವ ಹುಡುಗನನ್ನು ಈಗಿನ ಓದುಗರು ನಾಯಕ ಅಂತ ಒಪ್ಪುವುದು ಕಷ್ಟ. ನಿಮ್ಮ ಮೈಸೂರಿನ ಹುಡುಗನನ್ನು ಈ ಕಣ್ಣಿನಿಂದ ಒಮ್ಮೆ ಓದಿಕೊಳ್ಳಿ.

ಹಾಗಂತ ಅವನು ಎಲ್ಲದಕ್ಕೂ ತಲೆಯಾಡಿಸಬೇಕು ಅಂತಲೂ ಅಲ್ಲ. ಸ್ಯಾಲಿ ಥಾರ್ನ್ ಅವರ ‘ದಿ ಹೇಟಿಂಗ್ ಗೇಮ್’ 2016ರಲ್ಲಿ ಬಂದು ತುಂಬ ಜನಪ್ರಿಯವಾಯಿತು. ಒಂದೇ ಆಫೀಸಿನಲ್ಲಿ ಎದುರುಬದುರು ಕೂರುವ ಇಬ್ಬರು, ಒಂದೇ ಪ್ರಮೋಶನ್ನಿಗೆ ಪೈಪೋಟಿ. ಪುಸ್ತಕದ ಬಹುಭಾಗ ನನಗೆ ತುಂಬ ಹಿಡಿಸಿತು. ಆದರೆ ಕೊನೆಗೆ ಅವನು ಬೇರೆ ಕಡೆ ಕೆಲಸ ಹಿಡಿದು ಪೈಪೋಟಿಯಿಂದ ಆಚೆ ಸರಿಯುತ್ತಾನೆ. ಲವ್ ಸ್ಟೋರಿಗೆ ಸಲೀಸಾಯಿತು, ಅವಳ ಕೆರಿಯರ್ ಕಥೆಗೆ ನಷ್ಟವಾಯಿತು. ಎದುರಿಗೆ ನಿಂತು ಗೆದ್ದಿದ್ದರೆ ಅದರ ರುಚಿಯೇ ಬೇರೆ ಇರುತ್ತಿತ್ತು ಅಲ್ವಾ?

ಕನ್ನಡದ ಓದುಗರು ಇಂಥ ಕೊನೆಯನ್ನು ಒಪ್ಪುತ್ತಾರಾ ಎಂಬ ಭಯ ನಿಮಗಿದ್ದರೆ ಬಿಟ್ಟುಬಿಡಿ. ವಾರಪತ್ರಿಕೆಗಳ ಧಾರಾವಾಹಿ, ಸರ್ಕ್ಯುಲೇಟಿಂಗ್ ಲೈಬ್ರರಿಯ ಕಾದಂಬರಿ, ಇವುಗಳ ಮೇಲೆ ಬೆಳೆದ ಓದುಗರು ನಮ್ಮವರು. ತ್ರಿವೇಣಿ, ಎಂ.ಕೆ. ಇಂದಿರಾ, ಅನುಪಮಾ ನಿರಂಜನ, ಸಾಯಿಸುತೆ ಅವರನ್ನು ಮನೆಮನೆಯಲ್ಲಿ ಓದಿದವರು. ತ್ರಿವೇಣಿಯವರ ‘ಶರಪಂಜರ’ದ ಕಾವೇರಿಯ ಕಥೆ ಸುಖವಾಗಿ ಮುಗಿಯುವುದಿಲ್ಲ. ಪುಟ್ಟಣ್ಣ ಕಣಗಾಲ್ ಅದನ್ನು ಸಿನಿಮಾ ಮಾಡಿದಾಗಲೂ ಜನ ಮೋಸ ಅನ್ನಲಿಲ್ಲ, ಅತ್ತುಕೊಂಡು ಹೊರಗೆ ಬಂದರು. ಕಾವೇರಿಗೆ ಆಗುವುದೆಲ್ಲ ಒಂದೊಂದಾಗಿ ನಮ್ಮ ಕಣ್ಣೆದುರೇ ಆಗುತ್ತದೆ, ಕೊನೆ ಎಲ್ಲಿಂದಲೋ ಬಂದು ಬೀಳುವುದಿಲ್ಲ. ನಮ್ಮ ಜನಪ್ರಿಯ ಕಾದಂಬರಿಗಳಲ್ಲಿ ಕೊರತೆ ಇದ್ದದ್ದು ಇನ್ನೊಂದು ಕಡೆ. ನಾಯಕಿ ಟೀಚರ್, ಟೈಪಿಸ್ಟ್, ಡಾಕ್ಟರ್ ಅಂತ ಪರಿಚಯವಾಗುತ್ತಿದ್ದಳು. ಆ ಟೈಪಿಸ್ಟ್ ದಿನವಿಡೀ ಏನು ಟೈಪ್ ಮಾಡುತ್ತಾಳೆ ಅನ್ನುವುದು ಬಹಳ ಕಥೆಗಳಲ್ಲಿ ಬರುತ್ತಲೇ ಇರಲಿಲ್ಲ. ಆ ಜಾಗ ಈಗಲೂ ಖಾಲಿ ಇದೆ. ರಾತ್ರಿ ಪಾಳಿಯ ಸಪೋರ್ಟ್ ಕೆಲಸವನ್ನು ಒಳಗಿನಿಂದ ಬಲ್ಲವರು ನೀವು, ನೀವು ಬರೆಯಬೇಕು.

ಈಗ ನಿಮ್ಮ ಕಾದಂಬರಿಯನ್ನೇ ಹಿಡಿದು ಮಾತಾಡೋಣ. ನಿಮ್ಮ ಕೈಯಲ್ಲಿ ಒಂದು ಒಳ್ಳೆಯ ಗಂಟು ಆಗಲೇ ಇದೆ, ನೀವು ಗಮನಿಸಿಲ್ಲ ಅನ್ನಿಸುತ್ತದೆ. ಪ್ರೆಸ್ಸಿನ ಕೆಲಸದಲ್ಲಿ ತಪ್ಪನ್ನು ಅಚ್ಚಾಗುವ ಮೊದಲೇ ಹಿಡಿಯಬೇಕು. ಲಗ್ನಪತ್ರಿಕೆಯಲ್ಲಿ ಅಜ್ಜಿಯ ಹೆಸರು ತಪ್ಪಿದರೆ, ಮುಹೂರ್ತದ ಗಂಟೆ ತಪ್ಪಿದರೆ, ಸಾವಿರ ಪತ್ರಿಕೆ ರದ್ದಿಗೆ. ಆದ್ದರಿಂದ ಅವನು ಪ್ರೂಫ್ ಎರಡು ಸಲ ನೋಡಿ, ಮನೆಯವರ ಹತ್ತಿರ ಸಹಿ ಹಾಕಿಸಿಕೊಂಡೇ ಮೆಶಿನ್ನಿಗೆ ಕೊಡುವವನು. ಅವಳ ಕೆಲಸ ಇದರ ತದ್ವಿರುದ್ಧ. ಸಾಫ್ಟ್‌ವೇರ್ ಹೊರಗೆ ಹೋದ ಮೇಲೆ ತಪ್ಪು ಬಂದೇ ಬರುತ್ತದೆ, ಆಮೇಲೆ ಸರಿಮಾಡುವುದಕ್ಕೇ ಅವಳಿಗೆ ಸಂಬಳ. ರಾತ್ರಿ ಎರಡು ಗಂಟೆಗೆ ಪಿ1 ಟಿಕೆಟ್, ಅಂದರೆ ಎಲ್ಲಕ್ಕಿಂತ ತುರ್ತಿನ ದೂರು, ಬಂದರೆ ಎದ್ದು ಕೂತು ಹೇಗೋ ಒಂದು ತಾತ್ಕಾಲಿಕ ದಾರಿ ಮಾಡಿಕೊಡುತ್ತಾಳೆ, ಪೂರ್ತಿ ಸರಿಮಾಡುವುದು ನಾಳೆಗೆ. ಈಗ ಇವರಿಬ್ಬರೂ ಮದುವೆ ಮಾತಾಡಲಿ. ಅವನಿಗೆ ಎಲ್ಲ ಮೊದಲೇ ತೀರ್ಮಾನ ಆಗಬೇಕು: ಎಲ್ಲಿ ಇರುವುದು, ಅಪ್ಪನನ್ನು ಯಾರು ನೋಡಿಕೊಳ್ಳುವುದು, ಅವಳ ಕೆಲಸ ಏನಾಗುವುದು. ಅವಳು ‘ಮೊದಲು ಶುರು ಮಾಡೋಣ, ಆಮೇಲೆ ಸರಿಮಾಡಿಕೊಂಡರಾಯಿತು’ ಅನ್ನುವವಳು. ಈ ಜಗಳದಲ್ಲಿ ಕೆಟ್ಟವರು ಯಾರೂ ಇಲ್ಲ. ಇಬ್ಬರನ್ನೂ ಅವರವರ ಕೆಲಸ ಹಾಗೆ ಮಾಡಿದೆ. ಈ ಎಳೆ ಹಿಡಿದರೆ ನಿಮ್ಮ ಆಫೀಸಿನ ಅಧ್ಯಾಯಗಳನ್ನು ಯಾರೂ ಹಾರಿಸಲಾರರು, ಯಾಕಂದರೆ ಅವಳು ಆ ಹುಡುಗನ ಜೊತೆ ಹೇಗೆ ಮಾತಾಡುತ್ತಾಳೆ ಅನ್ನುವುದಕ್ಕೆ ಕಾರಣ ಅಲ್ಲೇ ಸಿಗುತ್ತದೆ.

ಪುಣೆಯ ವಿಷಯವನ್ನು ಕೊನೆಗೆ ತರಬೇಡಿ. ಪುಸ್ತಕದ ಮೊದಲ ಭಾಗದಲ್ಲೇ, ಅವಳ ಕೆಲಸದ ಅಪ್ರೈಸಲ್ (ಮೌಲ್ಯಮಾಪನ) ನಡೆಯುವಾಗ, ಮ್ಯಾನೇಜರ್ ಬಾಯಲ್ಲಿ ಒಂದು ಮಾತು ಬಂದುಹೋಗಲಿ. ಅವಳು ಅದನ್ನು ಹುಡುಗನಿಗೆ ಹೇಳದೆ ಇಟ್ಟುಕೊಳ್ಳಲಿ, ಆಮೇಲೆ ನೋಡೋಣ ಅಂತ. ಓದುಗರಿಗೆ ಗೊತ್ತಿದೆ, ಅವನಿಗೆ ಗೊತ್ತಿಲ್ಲ. ಅಲ್ಲಿಂದ ಮುಂದೆ ಮೈಸೂರಿನ ಒಂದೊಂದು ಭಾನುವಾರವೂ ಬಿಗಿಯಾಗುತ್ತದೆ, ನೀವು ಬೇರೇನೂ ಸೇರಿಸಬೇಕಾಗಿಲ್ಲ.

ಮನೆಯವರ ಬಗ್ಗೆ ಒಂದು ಮಾತು. ಭಾರತದ ಚಿಕ್ ಲಿಟ್‌ನಲ್ಲಿ ಅಮ್ಮ ದೊಡ್ಡ ಪಾತ್ರ. 2004ರ ಸ್ವಾತಿ ಕೌಶಲ್ ಅವರ ‘ಪೀಸ್ ಆಫ್ ಕೇಕ್’ನಲ್ಲೂ ಮಗಳು ಆಫೀಸಿನಲ್ಲಿ ಬ್ರಾಂಡಿನ ಚಿಂತೆಯಲ್ಲಿದ್ದರೆ ಅಮ್ಮನಿಗೆ ಅವಳ ಮದುವೆಯ ಜಾಹೀರಾತಿನ ಚಿಂತೆ. ನಿಮ್ಮ ನಾಯಕಿಯ ಅಮ್ಮ ಪುಣೆ ದೂರ ಅನ್ನುತ್ತಾಳೆ ಅಂದುಕೊಳ್ಳಿ. ಹುಬ್ಬಳ್ಳಿಯಿಂದ ಪುಣೆಗೂ ಬೆಂಗಳೂರಿಗೂ ಹೆಚ್ಚು ಕಡಿಮೆ ಒಂದೇ ದೂರ, ನಾನೂರು ಚಿಲ್ಲರೆ ಕಿಲೋಮೀಟರ್. ಮಗಳು ಅದನ್ನು ಹೇಳಿದಾಗ ಅಮ್ಮ ಏನು ಉತ್ತರ ಕೊಡುತ್ತಾಳೆ? ದೂರ ಅನ್ನುವುದರ ಹಿಂದೆ ಇರುವ ಭಯ ಅಲ್ಲಿ ಹೊರಗೆ ಬರುತ್ತದೆ. ಮಂದಿ ಏನಂತಾರ ಅನ್ನುವ ಭಯ ಇರಬಹುದು, ಮಗಳು ಇನ್ನು ವಾಪಸ್ಸೇ ಬರುವುದಿಲ್ಲ ಅನ್ನುವ ಭಯವೂ ಇರಬಹುದು. ಆ ಮಾತುಕತೆಯನ್ನು ಹುಬ್ಬಳ್ಳಿಯ ಮಾತಲ್ಲೇ ಬರೆಯಿರಿ, ನಿಮಗೆ ಅದು ಸಲೀಸು.

ಕೊನೆಯನ್ನು ಬದಲಾಯಿಸಬೇಕಾ? ಬೇಡ. ಅವಳು ಪುಣೆಗೆ ಹೋಗಲಿ. ಎರಡು ಕಡೆ ಮಾತ್ರ ಕೆಲಸ ಮಾಡಿ. ಒಂದು, ಹೋಗುವ ಮೊದಲು ಇಬ್ಬರೂ ಎದುರಾ ಎದುರು ಕೂತು ಮಾತಾಡುವ ಒಂದು ದೃಶ್ಯ ಬೇಕೇ ಬೇಕು. ‘ಆಮೇಲೆ ನೋಡೋಣ’ ಅನ್ನುತ್ತಿದ್ದವಳು ಮೊದಲ ಸಲ ಸ್ಪಷ್ಟವಾಗಿ ಉತ್ತರ ಕೊಡಲಿ. ಉತ್ತರ ಯಾವುದಾದರೂ ಇರಲಿ, ಅವಳ ಬಾಯಿಂದ ಬರಲಿ. ಪತ್ರದಲ್ಲಿ ನೀವು ‘ಮದುವೆಯ ಮಾತು ನಿಲ್ಲುತ್ತದೆ’ ಅಂತ ಬರೆದಿದ್ದೀರಿ. ನಿಲ್ಲಿಸಿದ್ದು ಯಾರು? ತಾನಾಗಿ ನಿಂತರೆ ಓದುಗರಿಗೆ ಅದು ತಪ್ಪಿಸಿಕೊಂಡ ಹಾಗೆ ಕಾಣುತ್ತದೆ. ನಿಮ್ಮ ಗೆಳತಿ ಮೋಸ ಅಂದದ್ದು ಇದಕ್ಕೇ ಇರಬೇಕು.

ಇನ್ನೊಂದು, ರೈಲಿಗೆ ಮುಗಿಸಬೇಡಿ. ರೈಲು ಹೊರಡುವ ದೃಶ್ಯದಲ್ಲಿ ಓದುಗರಿಗೆ ಕಾಣುವುದು ಅವಳು ಕಳೆದುಕೊಂಡದ್ದು ಮಾತ್ರ. ಪಡೆದದ್ದೇನು ಅಂತಲೂ ತೋರಿಸಿ. ಪುಣೆಯಲ್ಲಿ ಅವಳ ಕೈಕೆಳಗಿನ ಹೊಸ ಹುಡುಗಿಯೊಬ್ಬಳು ರಾತ್ರಿ ಪಾಳಿಯಲ್ಲಿ ದೊಡ್ಡ ತಪ್ಪೊಂದನ್ನು ಮಾಡಿ ಗಾಬರಿಯಾಗಿದ್ದಾಳೆ ಅಂತ ಇಟ್ಟುಕೊಳ್ಳಿ. ನಿಮ್ಮ ನಾಯಕಿ ಆ ರಾತ್ರಿಯನ್ನು ಹೇಗೆ ನಿಭಾಯಿಸುತ್ತಾಳೆ, ಹೊರಗೆ ಹೋಗುವ ಮೊದಲು ಏನನ್ನು ಎರಡನೇ ಸಲ ಓದಿ ನೋಡುತ್ತಾಳೆ, ಬರೆಯಿರಿ. ಮೈಸೂರಿನ ಹುಡುಗನಿಂದ ಅವಳು ಕಲಿತದ್ದು ಅಲ್ಲಿ ಕಾಣಲಿ, ಅವನ ಹೆಸರು ಎತ್ತದೆಯೇ. ಆಗ ಪ್ರೀತಿ ವ್ಯರ್ಥವಾಯಿತು ಅಂತ ಯಾರಿಗೂ ಅನ್ನಿಸುವುದಿಲ್ಲ. ಅವನ ಕಡೆಯಿಂದ ಒಂದು ಫೋನು ಬರಬೇಕೋ ಬೇಡವೋ ಅನ್ನುವುದು ನಿಮಗೆ ಬಿಟ್ಟದ್ದು. ನನ್ನನ್ನು ಕೇಳಿದರೆ ಬರಲಿ, ಆದರೆ ಅವಳು ಕೆಲಸ ಮುಗಿಸಿದ ಮೇಲೆ ಬರಲಿ.

ಹಸ್ತಪ್ರತಿ ಮತ್ತೆ ತಿದ್ದಿದ ಮೇಲೆ ಅದೇ ಗೆಳತಿಯರಿಗೆ ಕೊಡಬೇಡಿ, ಅವರಿಗೆ ಈಗ ಕೊನೆ ಗೊತ್ತು. ರೊಮಾನ್ಸ್ ಮಾತ್ರ ಓದುವ ಒಬ್ಬರಿಗೆ ಕೊಡಿ, ನಿಮ್ಮ ಟೀಮಿನಲ್ಲೇ ಇದ್ದು ಕಾದಂಬರಿ ಅಪರೂಪಕ್ಕೆ ಓದುವ ಒಬ್ಬರಿಗೆ ಕೊಡಿ. ಸಾಧ್ಯವಾದರೆ ಪ್ರೆಸ್ ನಡೆಸುವ ಯಾರಿಗಾದರೂ ಆ ಅಧ್ಯಾಯಗಳನ್ನಷ್ಟೇ ತೋರಿಸಿ. ಇಷ್ಟವಾಯಿತಾ ಅಂತ ಕೇಳಬೇಡಿ, ಎಲ್ಲರೂ ಹೌದು ಅನ್ನುತ್ತಾರೆ. ಯಾವ ಪುಟದಲ್ಲಿ ಮೊಬೈಲ್ ಕೈಗೆತ್ತಿಕೊಂಡಿರಿ ಅಂತ ಕೇಳಿ, ಅವಳು ಪುಣೆಗೆ ಹೋಗುತ್ತಾಳೆ ಅಂತ ಮೊದಲು ಯಾವಾಗ ಅನ್ನಿಸಿತು ಅಂತ ಕೇಳಿ. ರೊಮಾನ್ಸ್ ಓದುವವರು ಕೊನೆಯ ಅಧ್ಯಾಯಕ್ಕಿಂತ ಮೊದಲೇ ಅದನ್ನು ಊಹಿಸಿದ್ದರೆ, ಊಹಿಸಿಯೂ ಪುಸ್ತಕ ಕೆಳಗಿಡದೆ ಓದಿ ಮುಗಿಸಿದ್ದರೆ, ಪ್ರಕಾಶಕರಿಗೆ ಕಳಿಸಿ.